ಕೊಲೆಯಿಲ್ಲದ ಭಯ

ಮಂಗಳೂರಿನ ಪಿಯುಸಿ ವಿದ್ಯಾರ್ಥಿನಿಯೊಬ್ಬಳಿಗೆ ಪತ್ತೇದಾರಿ ಕಾದಂಬರಿ ಸಿಕ್ಕರೆ ಊಟ, ನಿದ್ರೆ ಬೇಡ. ಈ ಸಲ ಬಾವುಟಗುಡ್ಡೆಯ ಗ್ರಂಥಾಲಯದಿಂದ ಅವಳು ತಂದದ್ದು ತ್ರಿವೇಣಿಯವರ ‘ಶರಪಂಜರ’. ಕೊಲೆಯಿಲ್ಲ, ಕಳ್ಳನಿಲ್ಲ, ಆದರೂ ಓದುತ್ತಾ ಎದೆ ಡವಗುಟ್ಟಿತಂತೆ!

ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಭಯ ಶುರುವಾಗುವುದೇ ಅಲ್ಲಿಂದ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಎಲ್ಲರ ಕಣ್ಣೂ ಅವಳ ಮೇಲೆ. ಈ ನೋಟಗಳ ಜೊತೆಗೆ ಗಂಡನ ದ್ರೋಹವೂ ಸೇರಿ, ಗುಣವಾಗಿದ್ದ ಮನಸ್ಸು ಮತ್ತೆ ಮುರಿಯುತ್ತದೆ.

ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರ 1971ರ ಚಿತ್ರದಲ್ಲಿ ಕಲ್ಪನಾ ಕಾವೇರಿಯಾದದ್ದನ್ನು ಹಿರಿಯರು ಇನ್ನೂ ಮರೆತಿಲ್ಲ.

ಪುಸ್ತಕ ಮುಚ್ಚಿದ ಹುಡುಗಿ ಅಡುಗೆಮನೆಗೆ ಹೋದಳು.

“ಅಮ್ಮ, ಚಿಕ್ಕಮ್ಮ ಆಸ್ಪತ್ರೆಯಿಂದ ಬಂದು ವರ್ಷವಾಯಿತು. ನಾವು ಅವರನ್ನು ಒಮ್ಮೆಯೂ ಊಟಕ್ಕೆ ಕರೆದಿಲ್ಲ, ಯಾಕೆ?”

ಅಮ್ಮನಲ್ಲಿ ಉತ್ತರವಿರಲಿಲ್ಲ. ಆದರೆ ಮುಂದಿನ ಆದಿತ್ಯವಾರ ಆ ಮನೆಯಲ್ಲಿ ಒಂದು ಬಾಳೆಲೆ ಹೆಚ್ಚು ಹಾಕಿದರು. ಅಂದು ಚಿಕ್ಕಮ್ಮ ನಕ್ಕಾಗ ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ.