ಬೈಕು ಬದಲಾಗುವುದು ಯಾಕೆ?

ನಮ್ಮ ಜಿಲ್ಲೆಯ ಕನ್ನಡ ಮನೆಗಳಿಂದ ಓದಿಗೆಂದೋ ಉದ್ಯೋಗಕ್ಕೆಂದೋ ಕೊಯಮತ್ತೂರಿಗೆ ಹೋಗಿ ನೆಲೆಸುವ ಹುಡುಗರು ಕಡಿಮೆಯೇನಲ್ಲ. ಮಂಗಳೂರಿನಿಂದ ಬರುವ ಇಂಟರ್‌ಸಿಟಿ ರೈಲನ್ನು ಕಾಸರಗೋಡಿನಲ್ಲಿ ಹತ್ತಿದರೆ ಪಾಲಕ್ಕಾಡು ದಾಟಿ ಅದೇ ದಿನ ಅಲ್ಲಿ ಇಳಿಯಬಹುದು. ಹೀಗೆ ಹೋದವರು ಒಂದೆರಡು ವರ್ಷಗಳಲ್ಲಿ ಮನೆಯವರ ಮುಂದೆ ಇಡುವ ಬೇಡಿಕೆಗಳಲ್ಲಿ ಒಂದುಂಟು: ಈಗಿರುವ ಬೈಕನ್ನು ಕೊಟ್ಟು ಬೇರೆ ತರದ್ದನ್ನು ಕೊಳ್ಳಬೇಕು. ಓಡುವ ಗಾಡಿಯನ್ನು ಮಾರುವುದು ಯಾಕೆ ಎಂದು ತಂದೆ ಗದರುತ್ತಾರೆ. ತಾಯಿ ಮಗನ ಪರವಾಗಿ ಒಂದು ಮಾತು ಸೇರಿಸುತ್ತಾರೆ. ನಮ್ಮಂಥ ಅಧ್ಯಾಪಕರ ಬಳಿಗೂ ಈ ವ್ಯಾಜ್ಯ ಕೆಲವೊಮ್ಮೆ ಬರುವುದುಂಟು. ನಮ್ಮ ಅಭಿಪ್ರಾಯದಲ್ಲಿ, ತಂದೆ ಗದರಿಕೆಯಾಗಿ ಕೇಳುವ ಆ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯಾಗಿಯೇ ಕೇಳಬೇಕು. ಯಾಕೆಂದರೆ ಬೈಕು ಬದಲಿಸುವುದಕ್ಕೆ ನ್ಯಾಯವಾದ ಕಾರಣಗಳಿವೆ, ಅನ್ಯಾಯದ ಕಾರಣವೂ ಒಂದಿದೆ. ಇವನ್ನು ಬೇರ್ಪಡಿಸಿ ನೋಡದೆ ಹೋದರೆ ದುಡ್ಡೂ ಹೋದೀತು, ಪ್ರಾಣಕ್ಕೂ ಅಪಾಯ ಬಂದೀತು.

ಈ ವಿಷಯವನ್ನು ತಿಳಿಯಲು ಕೊಯಮತ್ತೂರಿಗಿಂತಲೂ, ಕೊಯಮತ್ತೂರು ಹಾಗೂ ಈರೋಡು ಜಿಲ್ಲೆಗಳ ಭಾಗಗಳನ್ನು ಕೂಡಿಸಿ 2009ರಲ್ಲಿ ರಚಿಸಿದ ತಿರುಪ್ಪೂರಿಗಿಂತಲೂ ಒಳ್ಳೆಯ ಪಾಠಶಾಲೆ ಬೇರಿಲ್ಲ. ಆ ನಾಡಿನ ಪ್ರಸಿದ್ಧ ಯಂತ್ರಜ್ಞ ಜಿ. ಡಿ. ನಾಯ್ಡು ಅವರ ಕತೆಯೇ ಮೋಟಾರು ಸೈಕಲಿನಿಂದ ಆರಂಭವಾಗುತ್ತದೆ. 1893ರಲ್ಲಿ ಕಲಂಗಲ್ ಗ್ರಾಮದ ತೆಲುಗು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಒಬ್ಬ ಬ್ರಿಟಿಷ್ ಅಧಿಕಾರಿಯ ರಡ್ಜ್ ಮೋಟಾರು ಸೈಕಲನ್ನು ಕಂಡು ಮರುಳಾದರು. ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ, ದುಡ್ಡು ಕೂಡಿಸಿ, ಅದೇ ಗಾಡಿಯನ್ನು ಕೊಂಡರು. ಕೊಂಡವರು ಅದನ್ನು ಬಿಚ್ಚಿ, ಮತ್ತೆ ಜೋಡಿಸಿ, ಯಂತ್ರದ ಗುಟ್ಟನ್ನು ಕಲಿತರು. 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದೇ ಒಂದು ಬಸ್ಸನ್ನು ಓಡಿಸಲು ತೊಡಗಿದರು. ಮುಂದೆ ಅದು ದೊಡ್ಡ ಸಾರಿಗೆ ಸಂಸ್ಥೆಯಾಗಿ ಬೆಳೆಯಿತು. ಎರಡು ಚಕ್ರದಿಂದ ಅವರು ಬಸ್ಸಿಗೆ ಬಂದದ್ದು ಕೆಲಸ ಬದಲಾದುದರಿಂದ. ಬದಲಾವಣೆಗೆ ಇದು ಮೊದಲನೆಯ ನ್ಯಾಯವಾದ ಕಾರಣ.

ಇಂದಿಗೂ ತಿರುಪ್ಪೂರಿನ ಬೀದಿಗಳಲ್ಲಿ ಇದನ್ನೇ ಕಾಣಬಹುದು. ಅಲ್ಲಿಯ ಬನಿಯನ್ ಉದ್ದಿಮೆ ಒಂದೇ ಸೂರಿನ ಕೆಳಗೆ ನಡೆಯುವಂಥದ್ದಲ್ಲ. ಬಟ್ಟೆ ಹೆಣೆಯುವುದು ಒಂದು ಕಡೆ, ಬಣ್ಣ ಹಾಕುವುದು ಇನ್ನೊಂದು ಕಡೆ, ಕತ್ತರಿಸಿ ಹೊಲಿಯುವುದು ಮಗದೊಂದು ಕಡೆ. ಈ ಕಡೆಯಿಂದ ಆ ಕಡೆಗೆ ಬಟ್ಟೆಯ ಕಟ್ಟುಗಳನ್ನು ಸಾಗಿಸುವವನಿಗೆ ಸೀಟಿನ ಮುಂದೆ ಜಾಗವಿರುವ, ಗೇರಿಲ್ಲದ, ಹಗುರವಾದ ಮೊಪೆಡ್‌ಗಿಂತ ಉತ್ತಮ ಗಾಡಿ ಯಾವುದು? ಕರ್ನಾಟಕದ ಗಡಿಯಲ್ಲಿರುವ ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಹೊರಬಂದ ಟಿವಿಎಸ್ 50 ಇಂಥವರಿಗಾಗಿಯೇ ಹುಟ್ಟಿದಂತಿತ್ತು. ಅದರ ಸಂತತಿಯಾದ ಎಕ್ಸ್‌ಎಲ್ 2015ರಲ್ಲಿ ನಾಲ್ಕು ಸ್ಟ್ರೋಕಿನ 100 ಸಿ.ಸಿ. ಎಂಜಿನು ಪಡೆದು ಇನ್ನೂ ಓಡುತ್ತಿದೆ. ಸಿರುಮುಗೈ, ನೆಗಮಂ ಕಡೆಗಳಲ್ಲಿ ಮಗ್ಗ ನಡೆಸುವವರಲ್ಲಿ ದೇವಾಂಗ ಮನೆಗಳು ಅನೇಕ. ನಮ್ಮ ಹಾಗೆಯೇ ಅವರದ್ದೂ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಬೇರೆ ಭಾಷೆ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸೀರೆಯ ಕಟ್ಟನ್ನು ಅಜ್ಜ ಸೈಕಲಿನಲ್ಲಿ ಒಯ್ದರೆ ತಂದೆ ಮೊಪೆಡ್ಡಿನಲ್ಲಿ ಒಯ್ದಾರು. ಮಗ ಮಗ್ಗ ಬಿಟ್ಟು ಇಪ್ಪತ್ತು ಕಿಲೋಮೀಟರು ದೂರದ ಗಿರಣಿಗೋ ಕಚೇರಿಗೋ ದಿನವೂ ಹೋಗಿಬರಬೇಕಾದಾಗ ಮೊಪೆಡ್ಡು ಸಾಲದು, 100 ಸಿ.ಸಿ.ಯ ಮೋಟಾರು ಸೈಕಲು ಬೇಕಾಗುತ್ತದೆ. ಇದನ್ನು ಚಪಲವೆನ್ನಲಾದೀತೇ?

ಎರಡನೆಯ ಕಾರಣ ಕಾಲ ಮತ್ತು ಕಾನೂನು. ಒಂದು ಕಾಲದಲ್ಲಿ ಆಯ್ಕೆಯೆಂಬುದೇ ಅಲ್ಪವಾಗಿತ್ತು. 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಕಂಪೆನಿಯ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ದಿ, ಉತ್ತರದಿಂದ ಬರುವ ರಾಜದೂತ್ — ಇಷ್ಟೇ. 1980ರ ದಶಕದಲ್ಲಿ ಜಪಾನಿನ ಕೂಡುಗೆಲಸದಿಂದ ಹೊಸ ಗಾಡಿಗಳು ಬಂದುವು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿ ಸಂಬಳದ ಮನೆಗಳನ್ನು ಗೆದ್ದಿತು. ಅದೇ ವರ್ಷ ಬಂದ ಎರಡು ಸ್ಟ್ರೋಕಿನ ಯಮಹಾ ಆರ್‌ಎಕ್ಸ್ 100 ತನ್ನ ಚುರುಕಿನಿಂದ ಯುವಕರನ್ನು ಸೆಳೆಯಿತು. ಆದರೆ ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುತ್ತದೆ, ಅರೆಬೆಂದ ಹೊಗೆ ಹೊರಗೆ ಬರುತ್ತದೆ. 1996ರಲ್ಲಿ ಆರ್‌ಎಕ್ಸ್ 100ರ ತಯಾರಿಕೆ ನಿಂತಿತು. ಅದೇ ವರ್ಷ ಮೈಸೂರಿನ ಕಾರ್ಖಾನೆಯೂ ಬಾಗಿಲು ಮುಚ್ಚಿತು. 2000ದಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಎರಡು ಸ್ಟ್ರೋಕಿನ ಬೈಕುಗಳ ಕಾಲವೇ ಮುಗಿಯುತ್ತ ಬಂತು. ಸವಾರನ ಮನಸ್ಸು ಬದಲಾಗದಿದ್ದರೂ ಅವನ ಬೈಕು ಬದಲಾಗಲೇಬೇಕಾಯಿತು.

ಮೂರನೆಯ ಕಾರಣ ರಸ್ತೆ. ಕೊಯಮತ್ತೂರಿನ ಸವಾರನ ಮುಂದೆ ಎರಡು ಬಗೆಯ ರಸ್ತೆಗಳಿವೆ. ವಾರವಿಡೀ ಅವಿನಾಶಿ ರಸ್ತೆಯ ಜನಸಂದಣಿ. ರಜೆಯ ದಿನ ಬಂತೆಂದರೆ ಬೆಟ್ಟ. ಆಳಿಯಾರಿನಿಂದ ವಾಲ್ಪಾರೈಗೆ ಏರುವ ದಾರಿಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಮೇಟ್ಟುಪಾಳೆಯದಿಂದ ಊಟಿಯ ಕಡೆಗೆ ಇನ್ನೊಂದು ಘಾಟಿ. ಪಲ್ಲಡಂ, ಉಡುಮಲೈಪೇಟೆಯ ಬಯಲಿನಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಮಳೆಗಾಲದ ಗಾಳಿ ಗಾಳಿಯಂತ್ರಗಳನ್ನೇ ತಿರುಗಿಸುವಷ್ಟು ಬಲವಾದುದು. ಅಲ್ಲಿ ಹಗುರವಾದ ಗಾಡಿ ಓಲಾಡುತ್ತದೆ. ಸುಮಾರು 90 ಕಿಲೋ ತೂಗುವ ಮೊಪೆಡ್ಡಿನಿಂದ ಸುಮಾರು 195 ಕಿಲೋ ತೂಗುವ ಬುಲೆಟ್ ಜಾತಿಯ ಬೈಕಿಗೆ ಹೋಗುವವನಿಗೆ ಗಾಳಿಯಲ್ಲಿಯೂ ಏರಿನಲ್ಲಿಯೂ ಸ್ಥಿರತೆ ಸಿಗುತ್ತದೆ. ಆದರೆ ಅದೇ ತೂಕವನ್ನು ಅವನು ಸಂತೆಯ ಗಲ್ಲಿಯಲ್ಲಿ ಹಿಂದಕ್ಕೆ ತಳ್ಳಬೇಕು. ಬೆಟ್ಟಕ್ಕೆ ವರ್ಷದಲ್ಲಿ ನಾಲ್ಕು ಸಲ ಹೋಗುವವನು ಉಳಿದ ದಿನಗಳೆಲ್ಲ ಆ ತೂಕವನ್ನು ಹೊರಬೇಕೇ ಎಂಬುದನ್ನು ಅವನೇ ಯೋಚಿಸಬೇಕು.

ನಾಲ್ಕನೆಯ ಕಾರಣ ಶರೀರ. ಇದನ್ನು ಅಂಗಡಿಯವರು ಹೇಳುವುದಿಲ್ಲ. ರೇಸಿನ ಮಾದರಿಯ ಬೈಕಿನಲ್ಲಿ ಹ್ಯಾಂಡಲ್ ತಗ್ಗಿನಲ್ಲಿರುತ್ತದೆ, ಕಾಲಿಡುವ ಜಾಗ ಹಿಂದಕ್ಕಿರುತ್ತದೆ. ಸವಾರ ಮುಂದಕ್ಕೆ ಬಾಗಿಯೇ ಕೂರಬೇಕು. ವೇಗದಲ್ಲಿ ಎದುರುಗಾಳಿ ಎದೆಗೆ ಆಸರೆಯಾಗುತ್ತದೆ. ನಿಧಾನವಾಗಿ ಹೋಗುವಾಗ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ನಗರದಲ್ಲಿ ದಿನಕ್ಕೆ ಒಂದು ಗಂಟೆ ಹೀಗೆ ಕುಳಿತವನಿಗೆ ಕತ್ತು, ಬೆನ್ನು, ಕೈ ನೋಯದೆ ಇದ್ದೀತೇ? ಕಾಲನ್ನು ಮುಂದಕ್ಕೆ ಚಾಚಿ ಕೂರುವ ಮಾದರಿಯಲ್ಲಿ ಮಣಿಕಟ್ಟಿಗೆ ಸುಖ, ಆದರೆ ಹಳ್ಳದ ಪೆಟ್ಟು ನೇರವಾಗಿ ಬೆನ್ನುಮೂಳೆಗೆ. ನೆಟ್ಟಗೆ ಕೂರುವ ಸಾಮಾನ್ಯ ಬೈಕೇ ದಿನನಿತ್ಯದ ಓಡಾಟಕ್ಕೆ ಹೆಚ್ಚು ಹಿತ. ಇಪ್ಪತ್ತರ ಹರೆಯದಲ್ಲಿ ಬಾಗಿ ಕುಳಿತು ಓಡಿಸಿದವರು ಮೂವತ್ತೈದರಲ್ಲಿ ನೆಟ್ಟಗೆ ಕೂರುವ ಗಾಡಿಗೆ ಬರುವುದರಲ್ಲಿ ಸೋಲೇನೂ ಇಲ್ಲ. ಬೆನ್ನು ಹೇಳಿದ ಮಾತನ್ನು ಕೇಳಿದ್ದಾರೆ, ಅಷ್ಟೆ.

ಐದನೆಯ ಕಾರಣ ಸಂಸಾರ. ಗೇರಿಲ್ಲದ ಸ್ಕೂಟರ್ 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ರೂಪದಲ್ಲಿ ಬಂತು. 1990ರ ದಶಕದಲ್ಲಿ ಸ್ಕೂಟಿ, 2001ರಲ್ಲಿ ಆಕ್ಟಿವಾ. ಸೀರೆ ಉಟ್ಟವರೂ ಓಡಿಸಬಹುದು, ಸೀಟಿನಡಿಯಲ್ಲಿ ತರಕಾರಿಯ ಚೀಲ ಇಡಬಹುದು, ಮಗುವನ್ನು ಶಾಲೆಗೆ ಬಿಡಬಹುದು. ಮನೆಯ ಒಂದೇ ಗಾಡಿಯನ್ನು ಗಂಡ, ಹೆಂಡತಿ, ಮಗಳು ಮೂವರೂ ಬಳಸಬೇಕಾದಾಗ ಗಂಡ ತನ್ನ ಮೋಟಾರು ಸೈಕಲನ್ನು ಮಾರಿ ಸ್ಕೂಟರು ಕೊಳ್ಳುತ್ತಾನೆ. ಇದನ್ನು ಕಂಡು ನಗುವವರಿದ್ದಾರೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಎಲ್ಲ ಬದಲಾವಣೆಗಳಲ್ಲಿ ಇದೇ ಹೆಚ್ಚು ಗೌರವದ್ದು. ಈಗ ವಿದ್ಯುತ್ ಸ್ಕೂಟರುಗಳೂ ಬಂದಿವೆ. ಅವನ್ನು ತಯಾರಿಸಿದ ಆಂಪಿಯರ್ ಕಂಪೆನಿ 2008ರಲ್ಲಿ ಹುಟ್ಟಿದ್ದು ಕೊಯಮತ್ತೂರಿನಲ್ಲಿಯೇ. ದಿನವೂ ಓಡುವ ದೂರ ಗೊತ್ತಿದ್ದು, ರಾತ್ರಿ ಮನೆಯಲ್ಲೇ ಚಾರ್ಜು ಮಾಡುವ ಅನುಕೂಲವಿದ್ದವರಿಗೆ ಅದು ಲಾಭ. ಮೂರನೆಯ ಮಾಳಿಗೆಯ ಬಾಡಿಗೆ ಕೋಣೆಯಲ್ಲಿರುವ ಹುಡುಗನಿಗೆ ಪ್ಲಗ್ಗು ಎಲ್ಲಿಂದ ಬರಬೇಕು?

ಕೆಲಸ, ಕಾಲ, ರಸ್ತೆ, ಶರೀರ, ಸಂಸಾರ — ಈ ಐದರಲ್ಲಿ ಯಾವುದಾದರೊಂದು ಬದಲಾದಾಗ ಬೈಕೂ ಬದಲಾಗುವುದು ನ್ಯಾಯ. ಉಳಿದ ಆರನೆಯ ಕಾರಣವೇ ನಮ್ಮ ಚಿಂತೆಗೆ ವಿಷಯವಾದುದು: ಇತರರ ಕಣ್ಣು. ಸಹಪಾಠಿಯ ಬಳಿ ಇದೆ, ನನ್ನ ಬಳಿ ಇಲ್ಲ ಎಂಬ ಸಂಕಟ. 2001ರಲ್ಲಿ ಪಲ್ಸರ್ ಬಂದಂದಿನಿಂದ, ಅದರಲ್ಲಿಯೂ 2008ರಲ್ಲಿ ಯಮಹಾ ಆರ್15, 2012ರಲ್ಲಿ ಕೆಟಿಎಂ ಡ್ಯೂಕ್ ಬಂದ ಮೇಲೆ, ಕಂತಿನ ಸಾಲ ಸುಲಭವಾದ ಮೇಲೆ, ಈ ಸಂಕಟ ಹೆಚ್ಚಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮೇಲ್ಪಟ್ಟವುಗಳಿಗೆ 40 ಆಗಿದೆ. ಇಳಿದ ತೆರಿಗೆಯೂ ಈಗ ಒಂದು ನೆವವಾಗಿದೆ. ಬೆಲೆ ಇಳಿಯಿತೆಂದು ಬೇಡದ್ದನ್ನು ಕೊಂಡರೆ ಉಳಿದದ್ದೇನು?

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 40 ಕಿಲೋಮೀಟರಿನಂತೆ 26 ದಿನ ಓಡಿಸಿದರೆ ತಿಂಗಳಿಗೆ 1,040 ಕಿಲೋಮೀಟರು. ಲೀಟರಿಗೆ 60 ಕಿಲೋಮೀಟರು ಕೊಡುವ ಬೈಕಿಗೆ ಸುಮಾರು 17 ಲೀಟರು ಪೆಟ್ರೋಲು ಸಾಕು. 35 ಕೊಡುವುದಕ್ಕೆ ಸುಮಾರು 30 ಲೀಟರು ಬೇಕು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ ತಿಂಗಳಿಗೆ ಸಾವಿರದ ಇನ್ನೂರಕ್ಕೂ ಹೆಚ್ಚಿನ ವ್ಯತ್ಯಾಸ. ಸಾಲದ ಕಂತು ಬೇರೆ, ವಿಮೆ ಬೇರೆ, ಟಯರು ಬೇರೆ. ಊರಿನಲ್ಲಿ ಅಡಿಕೆ ಮಾರಿಯೋ ಬೀಡಿ ಸುತ್ತಿಯೋ ಬಂದ ದುಡ್ಡು ಇದಕ್ಕೆ ಹೋಗುತ್ತದೆಂಬುದನ್ನು ಮಗನಿಗೆ ಕಾಗದ ಪೆನ್ಸಿಲು ಕೊಟ್ಟು ಅವನಿಂದಲೇ ಲೆಕ್ಕ ಮಾಡಿಸಬೇಕು.

ದುಡ್ಡಿಗಿಂತ ದೊಡ್ಡದು ಜೀವ. ಗಾಡಿಯ ಮಾದರಿ ಬದಲಾದಾಗ ಕೈಯ ಅಭ್ಯಾಸ ಕೂಡಲೇ ಬದಲಾಗುವುದಿಲ್ಲ. ಹಳೆಯ ಬುಲೆಟ್ಟಿನ ಗೇರು ಬಲಗಾಲಿಗಿತ್ತು, ಬ್ರೇಕು ಎಡಗಾಲಿಗೆ. ಇತರ ಬೈಕುಗಳಿಂದ ಅದಕ್ಕೆ ಹೋದವರು ಗಾಬರಿಯಲ್ಲಿ ಬ್ರೇಕೆಂದು ಗೇರನ್ನೇ ತುಳಿಯುವ ಅಪಾಯವಿತ್ತು. ಇಂದಿನ ಅಪಾಯ ಬೇರೆ. 100 ಸಿ.ಸಿ.ಯಲ್ಲಿ ಕಲಿತ ಕೈ 200 ಸಿ.ಸಿ.ಯ ಆಕ್ಸಿಲರೇಟರನ್ನು ಅಷ್ಟೇ ತಿರುಗಿಸಿದರೆ ಗಾಡಿ ಎಣಿಸಿದ್ದಕ್ಕಿಂತ ಬೇಗ ಮುಂದಿನ ಲಾರಿಯ ಹಿಂಬದಿಗೆ ತಲುಪುತ್ತದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಬ್ರೇಕು ಕಡ್ಡಾಯವಾಗಿದೆ. ಚಕ್ರ ಜಾರದಂತೆ ಅದು ತಡೆದೀತು, ಅವಸರವನ್ನು ತಡೆಯದು. ಗೇರಿನ ಬೈಕಿಗೆ 18 ತುಂಬಬೇಕೆಂಬುದು ಕಾನೂನು. ಅಪ್ರಾಪ್ತ ವಯಸ್ಕ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ, ಹೆತ್ತವರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ. ಎಸ್‌ಎಸ್‌ಎಲ್‌ಸಿ ಪಾಸಾದುದಕ್ಕೆ ಬೈಕಿನ ಬಹುಮಾನ ಕೊಡುವವರು ಇದನ್ನು ಎರಡು ಸಲ ಓದಬೇಕು.

ಆದುದರಿಂದ ನಮ್ಮ ಸಲಹೆ ಇಷ್ಟು. ಮಗನೋ ಮಗಳೋ ಬೈಕು ಬದಲಿಸಬೇಕೆಂದಾಗ ಕೂಡಲೇ ಬೇಡವೆನ್ನಬೇಡಿ; ಕೂಡಲೇ ಒಪ್ಪಲೂ ಬೇಡಿ. ನಿನ್ನ ಕೆಲಸ ಬದಲಾಯಿತೇ, ದಾರಿ ಬದಲಾಯಿತೇ, ಬೆನ್ನು ನೋಯುತ್ತಿದೆಯೇ, ಗಾಡಿಯನ್ನು ಬೇರೆಯವರೂ ಬಳಸಬೇಕೇ ಎಂದು ಕೇಳಿ. ಹೌದೆಂಬ ಉತ್ತರ ಬಂದರೆ ಕೈಲಾದ ಸಹಾಯ ಮಾಡಿ. ಉತ್ತರ ಬರದೆ ತಲೆ ತಗ್ಗಿದರೆ ಆರು ತಿಂಗಳು ತಡೆಯಲು ಹೇಳಿ. ಆರು ತಿಂಗಳ ಮೇಲೆಯೂ ಉಳಿಯುವ ಆಸೆಗೆ ಏನಾದರೊಂದು ಬೇರಿರುತ್ತದೆ. ಬರಿಯ ಹುಚ್ಚು ಅಷ್ಟು ದಿನ ಬಾಳದು. ಬದಲಿಸಿದ್ದೇ ಆದರೆ ಮೊದಲ ಖರ್ಚು ಒಳ್ಳೆಯ ಹೆಲ್ಮೆಟ್ಟಿನದಾಗಲಿ. ಹಿಂದೆ ಕೂರುವವರಿಗೂ ಒಂದು ಇರಲಿ. ದೂರದ ಊರಿನಲ್ಲಿ ಮಕ್ಕಳು ಯಾವ ಗಾಡಿಯಲ್ಲಿ ಹೋಗುತ್ತಾರೆಂಬುದಕ್ಕಿಂತ, ಸಂಜೆ ಕ್ಷೇಮವಾಗಿ ಕೋಣೆಗೆ ಹಿಂತಿರುಗುತ್ತಾರೆಂಬುದೇ ಇಲ್ಲಿ ಕಾದು ಕುಳಿತವರಿಗೆ ಬೇಕಾದ ಸುದ್ದಿ.