ಹಳೆಯ ಬಾಡಿ, ಹೊಸ ಚಾಸಿ
ಮಹೀಂದ್ರಾ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ಜೋಡಿಸುತ್ತಲೇ ವಾಹನೋದ್ಯಮಕ್ಕೆ ಕಾಲಿಟ್ಟಿತು. ಅದರ ಹಳೆಯ ಜೀಪಿನ ಬಾಡಿಯನ್ನು ಹೊಸ ಫೋರ್‌ವೀಲ್ ಡ್ರೈವ್ ಚಾಸಿಯ ಮೇಲೆ ಕೂರಿಸುವ ಆಸೆ ಹಲವರಿಗಿದೆ. ಲೆಕ್ಕ ಮೊದಲು ತಪ್ಪುವುದು ಮುಂದಿನ, ಹಿಂದಿನ ಗಾಲಿಗಳ ಅಂತರದಲ್ಲಿ: ಹಳೆಯ ಸಿಜೆ-3ಬಿ ಜೀಪಿನದು 80 ಇಂಚು, ಮಹೀಂದ್ರಾದ್ದೇ 2010ರ ಥಾರ್‌ನದು 2,430 ಮಿ.ಮೀ., ಅಂದರೆ ಸುಮಾರು 96 ಇಂಚು. ತಗಡು ಕತ್ತರಿಸಿ ನಡುವೆ 16 ಇಂಚು ಬೆಸೆಯಬೇಕು. ಸ್ಟೀರಿಂಗ್, ಬ್ರೇಕ್ ಪೈಪುಗಳನ್ನೆಲ್ಲ ಮತ್ತೆ ಹೊಂದಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ, ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಳೆಯ ಜೀಪಿನ ಮೇಲೆ ನಿಜವಾದ ಪ್ರೀತಿ ಇರುವವರು ಅದರ ಮೂಲ ಚಾಸಿಯದೇ ತುಕ್ಕು ತೆಗೆಸಿ, ಗಾಡಿಯನ್ನು ಇಡಿಯಾಗಿ ಉಳಿಸಿಕೊಳ್ಳಲಿ.