ಹಸಿರೆಲ್ಲಾ ಕಾಡಲ್ಲ ಸ್ವಾಮಿ!

ಉಪಗ್ರಹದಿಂದ ಕಾಡು ಕಾಯೋದು ಅಂದ್ರೆ ನನ್ನಂಥ ಸಾಫ್ಟ್‌ವೇರಿನವರಿಗೆ ಬಲು ಖುಷಿ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಪಿಕ್ಸೆಲ್ಲೂ 30 ಮೀಟರ್ ಉದ್ದ, 30 ಮೀಟರ್ ಅಗಲದ ನೆಲ. ಹೋದ ವರ್ಷ ಮರವಿದ್ದ ಪಿಕ್ಸೆಲ್ಲು ಈ ವರ್ಷ ಬೋಳಾಗಿದ್ರೆ ಕಂಪ್ಯೂಟರೇ ಗುರುತು ಹಾಕುತ್ತೆ. 2016ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹೀಗೇ ಏಷ್ಯಾದ 76 ಹುಲಿ ನೆಲೆಗಳನ್ನು ನೋಡಿತು. 2001ರಿಂದ 2014ರವರೆಗೆ ಹೋದ ಕಾಡು ಶೇ. 8ಕ್ಕಿಂತ ಕಡಿಮೆ. ಅಷ್ಟೇನಾ ಅನ್ನಬೇಡಿ. ಹೋದದ್ದರಲ್ಲಿ ಬಹುಪಾಲು ಕೆಲವೇ ನೆಲೆಗಳಲ್ಲಿ, ಮುಖ್ಯವಾಗಿ ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ, ತಾಳೆ ಎಣ್ಣೆ ತೋಟಕ್ಕಾಗಿ.

ನನ್ನ ತಕರಾರು ಇರೋದು ಇಲ್ಲೇ. ಆ ತಾಳೆ ಗಿಡ 5 ಮೀಟರ್ ದಾಟಿ ಬೆಳೆದರೆ ಇಂಥ ನಕ್ಷೆಯಲ್ಲಿ ಅದೂ ಮರವೇ! ಹುಲಿಗೆ ಮಾತ್ರ ಅಲ್ಲಿ ಅಡಗಲು ಪೊದೆಯಿಲ್ಲ, ಹೊಟ್ಟೆಗೆ ಸಾಕಾಗುವಷ್ಟು ಬೇಟೆಯಿಲ್ಲ.

ನಮ್ಮಲ್ಲೂ ಇದೇ ಕಥೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ಅದು 'ಅರಣ್ಯ ಹೊದಿಕೆ'. ಜಾಗ ಯಾರದು, ಮರ ಯಾವುದು ಅನ್ನೋ ಪ್ರಶ್ನೆಯೇ ಇಲ್ಲ. ಕೊಡಗಿನ ಕಾಫಿತೋಟ, ಮಲೆನಾಡಿನ ಅಕೇಶಿಯಾ, ಕರಾವಳಿಯ ರಬ್ಬರು ಎಲ್ಲಾ ಒಂದೇ ಬುಟ್ಟಿಗೆ. ನೂರು ಎಕರೆ ಶೋಲಾ ಕಾಡು ಹೋಗಿ ಇನ್ನೆಲ್ಲೋ ನೂರು ಎಕರೆ ಅಕೇಶಿಯಾ ಬಂದರೆ ನಷ್ಟ ಸೊನ್ನೆ! ಕಾಫಿತೋಟದವರನ್ನು ಬೈತಿಲ್ಲ ಮತ್ತೆ. ಕೊಡಗಿನ ತೋಟಗಳಿಗೆ ಹುಲಿ ಬರುವುದೂ ಉಂಟು. ಬಂದರೆ ಏನಾಗುತ್ತೆ ಅಂತ ದನ ಕಳಕೊಂಡವರನ್ನ, ಬೆಳಿಗ್ಗೆ ಕೂಲಿಗೆ ಹೊರಡೋ ಹೆಂಗಸರನ್ನ ಕೇಳಿ.

ಇನ್ನು ಬಂಡೀಪುರದ ಲಂಟಾನ. ಮೇಲೆ ಮರ ಹಾಗೇ ನಿಂತಿರುತ್ತೆ, ಕೆಳಗೆ ಹುಲ್ಲಿನ ಜಾಗವನ್ನೆಲ್ಲ ಅದು ನುಂಗಿರುತ್ತೆ. ಹುಲ್ಲಿಲ್ಲದ ಕಡೆ ಜಿಂಕೆಗೇನು ಕೆಲಸ? ಅದಕ್ಕೇ ನೆಲದ ಮೇಲಿನ ಕ್ಯಾಮೆರಾ ಬೇಕು ಅನ್ನೋದು. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಪಟ್ಟೆ ನೋಡಿ ಹುಲಿ ಗುರುತಿಸೋ ಕೆಲಸ ಮಾಡಿದ್ದರು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿ 563 ಅಂತ ಬೀಗಿದೆವಲ್ಲ, ಅವುಗಳ ಮರಿಗಳು ಬೆಳೆದು ಹೊಸ ಜಾಗ ಹುಡುಕಿಕೊಂಡು ಹೊರಟಾಗ ದಾರಿಯಲ್ಲಿ ಸಿಗೋದು ಯಾವ ಹಸಿರು ಅನ್ನೋದೂ ಗೊತ್ತಾಗಬೇಕು.

ಇದೇನು ರಾಕೆಟ್ ಹಾರಿಸೋ ಕೆಲಸ ಅಲ್ಲ. ಗ್ಲೋಬಲ್ ಫಾರೆಸ್ಟ್ ವಾಚ್ ನಕ್ಷೆಯಲ್ಲಿ ನೆಟ್ಟ ಮರಗಳಿಗೆ ಬೇರೆ ಲೇಯರೇ ಇದೆ. ನಮ್ಮ ಸರ್ಕಾರದ ವರದಿಯೂ ತೋಟವನ್ನು ಕಳೆದು, ತಾನಾಗಿ ಬೆಳೆದ ಕಾಡು ಎಷ್ಟು ಹೋಯ್ತು ಅನ್ನೋದನ್ನ ಮೊದಲ ಪುಟದಲ್ಲೇ ಹಾಕಲಿ.

ಮಲೆನಾಡಿನವರು ಯಾರಾದರೂ ಇದ್ದರೆ ಹೇಳಿ, ನಿಮ್ಮೂರ ಗುಡ್ಡದ ಮೇಲೆ ಈಗಿರೋದು ಕಾಡೋ, ಅಕೇಶಿಯಾನೋ?